ಎಲ್ಲೂರಿನ ಬಿಸಿಯನ್ನು ಉಡುಪಿಯ ನೆಲದಡಿ ಕೂಡಿಡಬಹುದೆ?

ಪ್ರಶ್ನೆ: ಜರ್ಮನಿಯ ನ್ಯೂಬ್ರಾಂಡನ್‌ಬರ್ಗ್ ಎಂಬ ಊರಿನಲ್ಲಿ ಬೇಸಿಗೆಯಲ್ಲಿ ಮಿಕ್ಕ ಬಿಸಿಯನ್ನು ಒಂದು ಕಿಲೋಮೀಟರಿಗೂ ಹೆಚ್ಚು ಆಳದ ಮರಳುಗಲ್ಲಿನ ನೀರಿನಲ್ಲಿ ಕೂಡಿಟ್ಟು, ಚಳಿಗಾಲದಲ್ಲಿ ಮೇಲೆತ್ತಿ ಮನೆಗಳನ್ನು ಬೆಚ್ಚಗಿಡುತ್ತಾರೆಂದು ಓದಿದೆ. ನಾನಿರುವುದು ಪಡುಬಿದ್ರಿಯ ಹತ್ತಿರ. ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದಲ್ಲಿ ವ್ಯರ್ಥವಾಗುವ ಬಿಸಿಯನ್ನು ನಾವೂ ಹೀಗೆ ಉಳಿಸಿಕೊಳ್ಳಬಾರದೇಕೆ? ಪಾದೂರಿನಲ್ಲಿ ಕಚ್ಚಾತೈಲವನ್ನೇ ನೆಲದೊಳಗೆ ಇಟ್ಟಿದ್ದಾರಲ್ಲ? ಹಾಗೇನಾದರೂ ಮಾಡಿದರೆ ನಮ್ಮ ಬಾವಿಗಳ ನೀರಿಗೆ ತೊಂದರೆಯಾಗುವುದೆ?

ಉತ್ತರ: ನೀವು ಓದಿದ ವಿಷಯ ನಿಜ. ಆದರೆ ಅದೇ ರೂಪದಲ್ಲಿ ಅದನ್ನು ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಮಾಡಲು ಬರುವುದಿಲ್ಲ. ಇದಕ್ಕೆ ಎರಡು ಕಾರಣಗಳಿವೆ. ನಮ್ಮ ನೆಲದಡಿ ಅಂಥ ಕಲ್ಲಿಲ್ಲ ಎಂಬುದು ಎಲ್ಲರಿಗೂ ಮೊದಲು ಹೊಳೆಯುವ ಕಾರಣ. ಕಲ್ಲಿದ್ದಿದ್ದರೂ ಆ ಬಿಸಿಯನ್ನು ಆರು ತಿಂಗಳು ಕಾಯ್ದಿಟ್ಟು ಬಳಸುವ ಅಗತ್ಯ ನಮ್ಮ ಕರಾವಳಿಯಲ್ಲಿ ಹುಟ್ಟುವುದೇ ಇಲ್ಲ ಎಂಬುದು ಎರಡನೆಯದು. ನನ್ನ ಎಣಿಕೆಯಲ್ಲಿ ಎರಡನೆಯದೇ ಹೆಚ್ಚು ತೂಕದ ಕಾರಣ. ಇದು ಮನದಟ್ಟಾಗಬೇಕಾದರೆ ಆಳದ ಮರಳುಗಲ್ಲಿನಲ್ಲಿ ಬಿಸಿ ಹೇಗೆ ನಿಲ್ಲುತ್ತದೆ, ಎಲ್ಲಿ ಸೋರಿಹೋಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ.

ಮರಳುಗಲ್ಲು ಎಂದರೆ ಹಿಂದೊಮ್ಮೆ ನದಿಯೋ ಸಮುದ್ರವೋ ತಂದು ಹಾಸಿದ ಮರಳು ಕಾಲಾಂತರದಲ್ಲಿ ಹೂತು, ಒತ್ತಿ, ಗಟ್ಟಿಯಾದ ಪದರ. ಒಳ್ಳೆಯ ಮರಳುಗಲ್ಲಿನ ಗಾತ್ರದಲ್ಲಿ ಐದನೆಯ ಒಂದು ಪಾಲಿನಷ್ಟು ಅಥವಾ ಅದಕ್ಕೂ ಹೆಚ್ಚು ಭಾಗ ಕಾಳುಗಳ ನಡುವಿನ ಸಂದುಗಳೇ ಆಗಿದ್ದು, ಆ ಸಂದುಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ನೀರಿನಿಂದ ತುಂಬಿರುತ್ತವೆ. ಇಂಥ ಜಲಸ್ತರಕ್ಕೆ ಒಂದಕ್ಕೊಂದು ಸಾಕಷ್ಟು ದೂರದಲ್ಲಿ ಎರಡು ಕೊಳವೆಬಾವಿಗಳನ್ನು ಕೊರೆಯುತ್ತಾರೆ. ಬೇಸಿಗೆಯಲ್ಲಿ ಒಂದರಿಂದ ನೀರನ್ನು ಮೇಲೆತ್ತಿ, ಹೀಟ್ ಎಕ್ಸ್‌ಚೇಂಜರಿನಲ್ಲಿ (ನೀರು ಬೆರೆಯದೆ ಶಾಖ ಮಾತ್ರ ದಾಟುವ ಸಾಧನ) ಹಾಯಿಸಿ ಕಾಯಿಸಿ, ಇನ್ನೊಂದರೊಳಕ್ಕೆ ಇಳಿಸುತ್ತಾರೆ. ಚಳಿಗಾಲದಲ್ಲಿ ದಿಕ್ಕನ್ನು ತಿರುಗಿಸಿ ಬಿಸಿ ಬಾವಿಯ ನೀರನ್ನೆತ್ತಿ, ಅದರ ಶಾಖವನ್ನು ಊರಿನ ಬಿಸಿನೀರಿನ ಕೊಳವೆ ಜಾಲಕ್ಕೆ ಕೊಟ್ಟು, ತಣಿದ ನೀರನ್ನು ಮೊದಲ ಬಾವಿಗೇ ಮರಳಿಸುತ್ತಾರೆ. ನೆಲದ ನೀರು ಈ ಸುತ್ತಿನಲ್ಲಿ ಎಲ್ಲಿಯೂ ಖರ್ಚಾಗುವುದಿಲ್ಲ, ಹೊರಗಿನ ಗಾಳಿಯನ್ನೂ ಸೋಕುವುದಿಲ್ಲ. ನ್ಯೂಬ್ರಾಂಡನ್‌ಬರ್ಗಿನಲ್ಲಿ ಭೂಮಿಯ ಒಳಗಿನ ಶಾಖವನ್ನು ನೇರವಾಗಿ ಬಳಸಲೆಂದು 1980ರ ದಶಕದಲ್ಲಿ ಕೈಗೊಂಡ ಯೋಜನೆಯನ್ನೇ ಮುಂದೆ ಬದಲಿಸಿ, 2005ರಿಂದ ಸುಮಾರು 1,250 ಮೀಟರ್ ಆಳದ ಮರಳುಗಲ್ಲಿನಲ್ಲಿ, ವಿದ್ಯುತ್ತು ಮತ್ತು ಬಿಸಿನೀರು ಎರಡನ್ನೂ ಒದಗಿಸುವ ಅನಿಲ ಸ್ಥಾವರದ ಬೇಸಿಗೆಯ ಹೆಚ್ಚುವರಿ ಶಾಖವನ್ನು ಇಡತೊಡಗಿದರು. ಅಲ್ಲಿ ಒಳಕ್ಕೆ ಇಳಿಸುತ್ತಿದ್ದ ನೀರಿನ ಬಿಸಿ 80 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು.

ಪ್ರಮಾಣದ ಅಂದಾಜು ಸಿಗಲೆಂದು ಒಂದು ಲೆಕ್ಕ ಮಾಡೋಣ. ಗಂಟೆಗೆ 100 ಘನಮೀಟರಿನಂತೆ 3,000 ಗಂಟೆ, ಅಂದರೆ ಸುಮಾರು ನಾಲ್ಕು ತಿಂಗಳು, ಬಿಸಿನೀರನ್ನು ಇಳಿಸಿದರೆ ಒಟ್ಟು 3 ಲಕ್ಷ ಘನಮೀಟರ್ ಆಗುತ್ತದೆ. ಹೋದ ನೀರಿಗೂ ಬಂದ ನೀರಿಗೂ 40 ಡಿಗ್ರಿ ಅಂತರವಿದ್ದರೆ ಅದರಲ್ಲಿ ಅಡಗಿರುವ ಶಾಖ ಸುಮಾರು 1.4 ಕೋಟಿ ಯೂನಿಟ್. ಇಲ್ಲಿ ಯೂನಿಟ್ ಎಂದರೆ ನಮ್ಮ ಕರೆಂಟ್ ಬಿಲ್ಲಿನಲ್ಲಿರುವ ಅದೇ ಯೂನಿಟ್, ಆದರೆ ವಿದ್ಯುತ್ತಲ್ಲ, ಶಾಖ. ಮರಳುಗಲ್ಲಿನ ಪದರ 30 ಮೀಟರ್ ದಪ್ಪವಿದ್ದರೆ ಈ ಬಿಸಿ ಬಾವಿಯ ಸುತ್ತ ಬರೇ 70 ಮೀಟರ್ ತ್ರಿಜ್ಯದೊಳಗೆ ಹಿಡಿಸುತ್ತದೆ. ಇಷ್ಟು ಚಿಕ್ಕ ಜಾಗದಲ್ಲಿ ಹಿಡಿಸಲು ಕಾರಣ, ಶಾಖವನ್ನು ನೀರೊಂದೇ ಹೊತ್ತುಕೊಂಡಿರುವುದಿಲ್ಲ. ಬಿಸಿನೀರು ಸಂದುಗಳಲ್ಲಿ ಮುಂದೆ ಸಾಗಿದಂತೆ ಸುತ್ತಲಿನ ಮರಳಿನ ಕಾಳುಗಳನ್ನೂ ಕಾಯಿಸುತ್ತ ಹೋಗುವುದರಿಂದ ಶಾಖದ ಅಂಚು ನೀರಿನ ಅಂಚಿಗಿಂತ ಬಹಳ ಹಿಂದೆ ಉಳಿಯುತ್ತದೆ. ಹೀಗೆ ಕೂಡಿಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಿಜಕ್ಕೂ ಇರುವುದು ಕಲ್ಲಿನಲ್ಲಿ. ನೀರು ಅದನ್ನು ಒಯ್ದು ತರುವ ವಾಹಕವಷ್ಟೆ.

ಆರು ತಿಂಗಳಲ್ಲಿ ಅದು ತಣಿದುಹೋಗುವುದಿಲ್ಲವೆ ಎಂದು ಎಲ್ಲರೂ ಕೇಳುತ್ತಾರೆ. ಕಲ್ಲಿನ ಮೂಲಕ ಶಾಖ ಹರಡುವುದು ಬಹಳ ನಿಧಾನ. ಮರಳುಗಲ್ಲಿನಲ್ಲಾಗಲಿ ಅದರ ಮೇಲಿನ ಜೇಡಿಯಲ್ಲಾಗಲಿ ಆರು ತಿಂಗಳಲ್ಲಿ ಬಿಸಿ ದಾಟುವ ದೂರ ನಾಲ್ಕೈದು ಮೀಟರ್. ಹತ್ತು ವರ್ಷ ಕಳೆದರೂ ಇಪ್ಪತ್ತು ಮೀಟರಿನ ಒಳಗೇ. ಆದ್ದರಿಂದ 70 ಮೀಟರ್ ತ್ರಿಜ್ಯದ ಬಿಸಿ ಗಡ್ಡೆಯ ಹೊರಮೈ ಮಾತ್ರ ತಣಿಯುತ್ತದೆ, ಒಳಭಾಗ ಬೆಚ್ಚಗೇ ಉಳಿಯುತ್ತದೆ. ಲೋಟದ ಚಹಾ ಹತ್ತು ನಿಮಿಷದಲ್ಲಿ ಆರಿದರೂ ಬಚ್ಚಲಿನ ಹಂಡೆಯ ನೀರು ಬೆಳಗಿನ ತನಕ ಬೆಚ್ಚಗಿರುವುದು ಯಾವ ಕಾರಣಕ್ಕೋ ಇಲ್ಲಿಯೂ ಅದೇ ಕಾರಣ: ಗಾತ್ರ ಹೆಚ್ಚಿದಷ್ಟೂ ಅದಕ್ಕೆ ಹೋಲಿಸಿದಾಗ ಮೈ ಕಡಿಮೆ. ಮೊದಲ ವರ್ಷ ಸುತ್ತಲಿನ ಕಲ್ಲನ್ನು ಕಾಯಿಸುವುದಕ್ಕೇ ಸಾಕಷ್ಟು ಶಾಖ ಹೋಗುತ್ತದೆ; ಅಂಚು ಬೆಚ್ಚಗಾಗುತ್ತ ಹೋದಂತೆ ಮರುವರ್ಷಗಳಲ್ಲಿ ಹಿಂದಕ್ಕೆ ಸಿಗುವ ಪಾಲು ಹೆಚ್ಚುತ್ತದೆ. ಈ ವಿದ್ಯೆಯಲ್ಲಿ ಸಣ್ಣದಾಗಿ ಪ್ರಾರಂಭಿಸಿ ನೋಡೋಣ ಎಂಬ ಮಾತಿಗೆ ಬೆಲೆ ಕಡಿಮೆ ಎಂಬುದನ್ನು ಇಲ್ಲಿಯೇ ಗಮನಿಸಬೇಕು, ಏಕೆಂದರೆ ಸಣ್ಣ ಸಂಗ್ರಹ ಸೋಲುವುದು ಹೆಚ್ಚಾಗಿ ಸಣ್ಣದಾಗಿರುವ ಕಾರಣದಿಂದಲೇ.

ಸೋರಿಕೆಯ ಇನ್ನೊಂದು ದಾರಿ ಇದಕ್ಕಿಂತ ಕುಟಿಲವಾದುದು. 80 ಡಿಗ್ರಿಯ ನೀರು 20 ಡಿಗ್ರಿಯ ನೀರಿಗಿಂತ ನೂರಕ್ಕೆ ಎರಡೂವರೆ ಪಾಲಿನಷ್ಟು ಹಗುರ. ಅದರ ಜೊತೆಗೆ ಮೂರು ಪಟ್ಟು ತೆಳುವಾಗಿ ಹರಿಯುತ್ತದೆ. ಹಾಗಾಗಿ ಅದು ಪದರದ ಉದ್ದಕ್ಕೆ ಸಮನಾಗಿ ನಿಲ್ಲದೆ ಮೇಲಕ್ಕೆ ಏರಿ, ಮುಚ್ಚಳದಂತಿರುವ ಜೇಡಿಯ ಕೆಳಗೆ ಅಗಲವಾಗಿ ಹರಡಿಕೊಳ್ಳುತ್ತದೆ. ತೆಗೆಯುವಾಗ ಬಾವಿಯ ಮೇಲ್ಭಾಗದಿಂದ ಬಿಸಿನೀರು, ಕೆಳಭಾಗದಿಂದ ತಣ್ಣೀರು ಬೆರೆತು ಬರುತ್ತದೆ. ಅಮೆರಿಕದ ಅಲಬಾಮಾ ರಾಜ್ಯದ ಮೊಬೈಲ್ ನಗರದ ಬಳಿ ಆಬರ್ನ್ ವಿಶ್ವವಿದ್ಯಾಲಯದವರು 1970ರ ದಶಕದ ಕೊನೆಯಿಂದ ನಡೆಸಿದ ಪ್ರಯೋಗಗಳು ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವು. ಸುಮಾರು 55 ಡಿಗ್ರಿಯ ನೀರನ್ನು ಇಳಿಸಿದಾಗ ಮೊದಲ ಸುತ್ತಿನಲ್ಲಿ ನೂರಕ್ಕೆ 66, ಎರಡನೆಯ ಸುತ್ತಿನಲ್ಲಿ 76 ಪಾಲು ಶಾಖ ಮರಳಿ ಸಿಕ್ಕಿತು. ಉಷ್ಣಾಂಶವನ್ನು 81 ಡಿಗ್ರಿಗೆ ಏರಿಸಿದ ಸುತ್ತಿನಲ್ಲಿ ಸಿಕ್ಕಿದ್ದು 45 ಪಾಲು ಮಾತ್ರ. ಹೆಚ್ಚು ಬಿಸಿ ಇಟ್ಟರೆ ಹೆಚ್ಚು ಬಿಸಿ ಸಿಗುತ್ತದೆ ಎಂಬ ಸಹಜ ನಿರೀಕ್ಷೆ ಇಲ್ಲಿ ಕೆಲಸ ಮಾಡುವುದಿಲ್ಲ. ಮರಳುಗಲ್ಲಿನ ನಡುನಡುವೆ ತೆಳುವಾದ ಜೇಡಿಯ ಎಳೆಗಳಿದ್ದರೆ ನೀರೆತ್ತುವವರಿಗೆ ಅದು ದೋಷವಾಗಿ ಕಂಡೀತು. ಬಿಸಿ ಕೂಡಿಡುವವರಿಗೆ ಆ ಎಳೆಗಳೇ ಬೇಕು, ಏಕೆಂದರೆ ಅವು ನೀರನ್ನು ಅಡ್ಡಕ್ಕೆ ಹರಿಯಗೊಟ್ಟು ಮೇಲಕ್ಕೇರದಂತೆ ತಡೆಯುತ್ತವೆ. ತೀರ ಒಳ್ಳೆಯ ಮರಳು ಈ ಕೆಲಸಕ್ಕೆ ತೀರ ಒಳ್ಳೆಯದಲ್ಲ.

ಮೂರನೆಯ ತೊಡಕು ರಾಸಾಯನಿಕವಾದುದು. ಸುಣ್ಣದ ಅಂಶವಿರುವ ನೀರನ್ನು ಕಾಯಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿಯಾಗಿ ಕೂರುತ್ತದೆ. ಗೀಸರಿನ ಕಾಯಿಲ್ಲಿನ ಮೇಲೆ ಕಟ್ಟುವ ಬಿಳಿ ಪದರವೂ ಇದೇ. ಮಿನ್ನೆಸೋಟ ವಿಶ್ವವಿದ್ಯಾಲಯದವರು 1980ರ ದಶಕದಲ್ಲಿ ಸೇಂಟ್ ಪಾಲ್ ನಗರದಲ್ಲಿ ಸುಮಾರು 180ರಿಂದ 240 ಮೀಟರ್ ಆಳದ ಮರಳುಗಲ್ಲಿಗೆ ನೂರು ಡಿಗ್ರಿಯನ್ನೂ ಮೀರಿದ ನೀರನ್ನು ಒತ್ತಡದಲ್ಲಿ ಇಳಿಸಿ ನೋಡಿದಾಗ ಎದುರಾದ ದೊಡ್ಡ ಸಮಸ್ಯೆ ಇದೇ ಆಗಿತ್ತು. ಕೊನೆಗೆ ನೀರನ್ನು ಮೃದುಗೊಳಿಸುವ ಘಟಕವನ್ನೇ ಅಳವಡಿಸಬೇಕಾಯಿತು. ಸಿಲಿಕಾ ಇದಕ್ಕೆ ತದ್ವಿರುದ್ಧ: ಬಿಸಿಯಲ್ಲಿ ಮರಳಿನ ಕಾಳುಗಳಿಂದ ಕರಗಿ, ತಣಿದಾಗ ಕೂರುತ್ತದೆ. ನೆಲದಾಳದ ನೀರಿನಲ್ಲಿ ಕರಗಿರುವ ಕಬ್ಬಿಣ ಒಂದಿಷ್ಟು ಗಾಳಿ ತಾಗಿದರೆ ಸಾಕು, ಕಂದು ರಾಡಿಯಾಗಿ ಬಾವಿಯ ಜಾಲರಿಯನ್ನು ಮುಚ್ಚಿಬಿಡುತ್ತದೆ. ಅದಕ್ಕಾಗಿ ಇಡೀ ಕೊಳವೆ ವ್ಯವಸ್ಥೆಯನ್ನು ಸದಾ ಒತ್ತಡದಲ್ಲಿರಿಸುತ್ತಾರೆ, ಕೆಲವೆಡೆ ನೈಟ್ರೋಜನ್ ಅನಿಲವನ್ನು ತುಂಬಿ ಗಾಳಿಯನ್ನು ಹೊರಗಿಡುತ್ತಾರೆ. ಉಪ್ಪುನೀರಿರುವಲ್ಲಿ ಸಾಮಾನ್ಯ ಉಕ್ಕು ಬಾಳುವುದಿಲ್ಲ. ಯೋಜನೆಗಳು ಕಾಗದದ ಮೇಲೆ ಲಾಭ ತೋರಿಸಿ ಆಮೇಲೆ ನಿಂತುಹೋಗಲು ಶಾಖದ ಸೋರಿಕೆಗಿಂತ ಇಂಥ ಕಟ್ಟಿಕೊಳ್ಳುವಿಕೆ ಮತ್ತು ತುಕ್ಕೇ ಅನೇಕ ಬಾರಿ ಕಾರಣ.

ಬಿಸಿಯನ್ನು ಪಡೆಯುವವರು ಯಾರು ಎಂಬ ಪ್ರಶ್ನೆಯೂ ಇದರೊಳಗೇ ಸೇರಿದೆ. ಬೇಸಿಗೆಯಲ್ಲಿ 80 ಡಿಗ್ರಿಯಲ್ಲಿ ಇಟ್ಟದ್ದು ಚಳಿಗಾಲದ ಕೊನೆಗೆ 50ಕ್ಕೋ 45ಕ್ಕೋ ಇಳಿದಿರುತ್ತದೆ. ಮನೆಗಳ ಜಾಲ 45 ಡಿಗ್ರಿಯ ನೀರಿನಿಂದಲೂ ನಡೆಯುವಂತಿದ್ದರೆ ಸಂಗ್ರಹವನ್ನು ತಳದ ತನಕ ಬಳಸಬಹುದು. 65 ಡಿಗ್ರಿ ಬೇಕೇಬೇಕೆಂದರೆ ಅರ್ಧ ನೆಲದಲ್ಲಿಯೇ ಉಳಿಯುತ್ತದೆ. ಬರ್ಲಿನ್ನಿನ ಸಂಸತ್ ಭವನ ರೈಕ್‌ಸ್ಟಾಗ್‌ನ ಅಡಿಯಲ್ಲಿ ಇದನ್ನು ಜಾಣತನದಿಂದ ಯೋಜಿಸಿದ್ದಾರೆ: ಸುಮಾರು 60 ಮೀಟರ್ ಆಳದ ಪದರದಲ್ಲಿ ಚಳಿಗಾಲದ ತಂಪನ್ನೂ ಸುಮಾರು 300 ಮೀಟರ್ ಆಳದ ಉಪ್ಪುನೀರಿನ ಪದರದಲ್ಲಿ 70 ಡಿಗ್ರಿಯವರೆಗಿನ ಬೇಸಿಗೆಯ ಬಿಸಿಯನ್ನೂ ಪ್ರತ್ಯೇಕವಾಗಿ ಇಡುತ್ತಾರೆ, ಕಟ್ಟಡದ ಕಡಿಮೆ ಉಷ್ಣಾಂಶದ ಭಾಗಗಳಿಗೆ ಸಂಗ್ರಹದ ನೀರು ನೇರವಾಗಿಯೇ ಸಾಕಾಗುತ್ತದೆ.

ಇಷ್ಟು ಆಳಕ್ಕೆ ಹೋಗುವುದೇಕೆ ಎಂಬುದರಲ್ಲಿ ನಿಮ್ಮ ಬಾವಿಗಳ ಪ್ರಶ್ನೆಗೆ ಅರ್ಧ ಉತ್ತರವಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಇಂಥ ಸಂಗ್ರಹಗಳು ಸಾವಿರಾರು ಇವೆಯಾದರೂ ಹೆಚ್ಚಿನವು ಮೇಲಿನ ಮರಳಿನ ಪದರಗಳಲ್ಲಿದ್ದು, ಅಲ್ಲಿ ಇಳಿಸುವ ನೀರು ಸಾಮಾನ್ಯವಾಗಿ 25 ಡಿಗ್ರಿಯನ್ನು ಮೀರಬಾರದೆಂಬ ಕಟ್ಟುಪಾಡಿದೆ. ಕುಡಿಯುವ ನೀರನ್ನು ಕಾಪಾಡುವುದೇ ಅದರ ಉದ್ದೇಶ. 80 ಡಿಗ್ರಿಯ ನೀರನ್ನು ಇಡಬೇಕಾದರೆ ಯಾರೂ ಕುಡಿಯದ ಉಪ್ಪುನೀರಿರುವ, ಮೇಲೆ ದಪ್ಪ ಜೇಡಿಯ ಮುಚ್ಚಳವಿರುವ, ನೀರು ತಾನಾಗಿ ಹೆಚ್ಚುಕಡಿಮೆ ಚಲಿಸದೆ ನಿಂತಿರುವ ಆಳದ ಪದರ ಬೇಕು. ಆಳದಿಂದ ಇನ್ನೊಂದು ಅನುಕೂಲವಿದೆ. ಪ್ರತಿ ಕಿಲೋಮೀಟರಿಗೆ ಉಷ್ಣಾಂಶ ಸಾಮಾನ್ಯವಾಗಿ 25ರಿಂದ 30 ಡಿಗ್ರಿ, ಕೆಲವೆಡೆ ಇನ್ನೂ ಹೆಚ್ಚು, ಏರುವುದರಿಂದ ನ್ಯೂಬ್ರಾಂಡನ್‌ಬರ್ಗಿನ ಆಳದಲ್ಲಿ ಕಲ್ಲು ಮೊದಲೇ 55 ಡಿಗ್ರಿಯಷ್ಟು ಬಿಸಿಯಾಗಿದೆ. ಸುತ್ತಲಿನ ಕಲ್ಲಿಗೂ ಇಟ್ಟ ನೀರಿಗೂ ಅಂತರ ಕಡಿಮೆಯಾದಷ್ಟು ಸೋರಿಕೆಯೂ ಕಡಿಮೆ.

ಈಗ ನಮ್ಮ ನೆಲಕ್ಕೆ ಬರೋಣ. ಪಡುಬಿದ್ರಿಯಿಂದ ಕುಂದಾಪುರದ ತನಕ, ಈ ಕಡೆ ಮಂಗಳೂರಿನ ಆಚೆಗೂ, ಮೇಲೆ ಮುರಕಲ್ಲು, ಅದರ ಕೆಳಗೆ ಶೇಡಿಮಣ್ಣು, ಅದರ ಕೆಳಗೆ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯ ನೈಸ್ ಮತ್ತು ಗ್ರಾನೈಟ್ ಜಾತಿಯ ಗಟ್ಟಿ ಶಿಲೆ. ಮುರಕಲ್ಲು ಬೇರೆಲ್ಲಿಂದಲೋ ಬಂದ ಪದರವಲ್ಲ. ಅದೇ ಶಿಲೆ ಸಾವಿರಾರು ಶತಮಾನಗಳ ಮಳೆ ಬಿಸಿಲಿಗೆ ಕೊಳೆತು ಕಬ್ಬಿಣ ಉಳಿದು ಗಟ್ಟಿಯಾದದ್ದು. ನದೀಮುಖಗಳಲ್ಲಿ, ಅಳಿವೆಗಳ ಬದಿಯಲ್ಲಿ ಮರಳು ಮತ್ತು ಕೆಸರಿನ ಹಾಸು ಇದೆ, ಆದರೆ ಅದು ತೆಳ್ಳಗಿನದು, ಸಿಹಿನೀರು ಮತ್ತು ಉಪ್ಪುನೀರು ಒಂದನ್ನೊಂದು ತಳ್ಳುವ ಜಾಗ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳು ಕೂಡ ಮರಳುಗಲ್ಲಲ್ಲ, ಲಾವಾ ತಣಿದು ಆದವು. ಕರ್ನಾಟಕದಲ್ಲಿ ಮರಳುಗಲ್ಲನ್ನು ಕಣ್ಣಾರೆ ಕಾಣಬೇಕಾದರೆ ಬಾದಾಮಿಗೆ ಹೋಗಬೇಕು. ಅದೂ ಅತಿ ಹಳೆಯದಾಗಿ, ಕಾಳುಗಳ ನಡುವಿನ ಸಂದುಗಳು ಸಿಲಿಕಾದಿಂದ ಬಹುಮಟ್ಟಿಗೆ ತುಂಬಿಹೋಗಿ ಗಡಸಾದ ಕಲ್ಲು. ಗುಹಾಲಯ ಕೊರೆಯಲು ಹೇಳಿ ಮಾಡಿಸಿದಂತಿದ್ದರೂ ಗಂಟೆಗೆ ನೂರು ಘನಮೀಟರ್ ನೀರನ್ನು ಹೀರಿಕೊಳ್ಳುವ ಕಲ್ಲು ಅದಲ್ಲ.

ಮುರಕಲ್ಲಿನಲ್ಲಿ ತೂತುಗಳು ಧಾರಾಳವಾಗಿವೆ, ನೀರೂ ಇದೆ, ಅದರಲ್ಲಿಯೇ ಇಡಬಾರದೇಕೆ ಎನ್ನಬಹುದು. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಮ್ಮಲ್ಲಿ ಜುಲೈಯಲ್ಲಿ ಕೈಗೆಟಕುವಂತೆ ತುಂಬಿದ ಬಾವಿ ಏಪ್ರಿಲ್–ಮೇ ತಿಂಗಳಲ್ಲಿ ತಳ ಕಾಣುವುದನ್ನು ಪ್ರತಿ ಮನೆಯವರೂ ಬಲ್ಲರು. ಆ ನೀರೆಲ್ಲ ನಾವು ಸೇದಿ ಮುಗಿಸಿದ್ದಲ್ಲ. ಬಹುಪಾಲು ಇಳಿಜಾರಿನತ್ತ ಹರಿದು, ತೋಡು ಹೊಳೆಗಳ ಮೂಲಕ ಸಮುದ್ರ ಸೇರಿರುತ್ತದೆ. ತನ್ನ ನೀರನ್ನೇ ಒಂದು ವರ್ಷ ಹಿಡಿದಿಡಲಾರದ ಪದರ ಅದರೊಳಗೆ ಇಟ್ಟ ಬಿಸಿಯನ್ನು ಹಿಡಿದಿಡಲಾರದು. ಕೆಳಗಿನ ಗಟ್ಟಿ ಶಿಲೆಯಲ್ಲಿ ಇದಕ್ಕೆ ವಿರುದ್ಧವಾದ ಕಷ್ಟ: ನೀರು ಬಿರುಕುಗಳಲ್ಲಿ ಮಾತ್ರ ಇರುತ್ತದೆ, ಹತ್ತು ಮಾರು ಆಚೆ ಕೊರೆಸಿದ ಬೋರ್‌ವೆಲ್ಲಿಗೆ ನೀರು ಬಂದು ಇಲ್ಲಿಯದಕ್ಕೆ ಬರೇ ಧೂಳು ಬರುವುದು ಅದಕ್ಕೇ. ಇಳಿಸಿದ ಬಿಸಿನೀರು ಯಾವ ಬಿರುಕು ಹಿಡಿದು ಎಲ್ಲಿಗೆ ಹೋದೀತೆಂದು ಯಾರೂ ಮೊದಲೇ ಹೇಳಲಾರರು.

ಪಾದೂರಿನ ಹೋಲಿಕೆ ಸಹಜವಾದರೂ ಅಲ್ಲಿ ನಡೆಯುವುದು ಬೇರೆಯೇ ಕೆಲಸ. ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆಗಳನ್ನು ಗಟ್ಟಿ ಶಿಲೆಯಲ್ಲಿ ಕೊರೆದು ಮಾಡಿದ್ದಾರೆ. ಅಲ್ಲಿ ತೈಲ ಕಲ್ಲಿನ ಸಂದುಗಳಲ್ಲಿ ಇಲ್ಲ, ಕೊರೆದ ಟೊಳ್ಳಿನಲ್ಲಿದೆ. ಸುತ್ತಲಿನ ಶಿಲೆಯಲ್ಲಿರುವ ಅಂತರ್ಜಲದ ಒತ್ತಡ ಒಳಮುಖವಾಗಿರುವಂತೆ ನೋಡಿಕೊಳ್ಳುವುದರಿಂದ ತೈಲ ಹೊರಗೆ ಹೋಗಲಾರದು. ಕಲ್ಲು ನೀರನ್ನು ಸುಲಭವಾಗಿ ಬಿಡುವುದಿಲ್ಲ ಎಂಬ ಗುಣವೇ ಅಲ್ಲಿಯ ಬಂಡವಾಳ. ಮರಳುಗಲ್ಲಿನ ಶಾಖ ಸಂಗ್ರಹಕ್ಕೆ ಬೇಕಾದದ್ದು ಅದರ ವಿರುದ್ಧ ಗುಣ.

ಆದರೂ ನಿಮ್ಮ ಊಹೆ ಪೂರ್ತಿ ದಾರಿ ತಪ್ಪಿದ್ದಲ್ಲ. ನಮ್ಮಂಥದೇ ಗಟ್ಟಿ ಶಿಲೆಯ ದೇಶವಾದ ಸ್ವೀಡನ್ನಿನಲ್ಲಿ, ಉಪ್ಸಾಲ ನಗರದ ಬಳಿಯ ಲಿಕ್ಕೆಬೋ ಎಂಬಲ್ಲಿ 1 ಲಕ್ಷ ಘನಮೀಟರಿನ ಗುಹೆಯನ್ನು ಕೊರೆದು 1980ರ ದಶಕದ ಮೊದಲ ಭಾಗದಲ್ಲಿಯೇ 90 ಡಿಗ್ರಿಯವರೆಗಿನ ಬಿಸಿನೀರನ್ನು ತುಂಬಿದರು. ಅದರ ಸಾಮರ್ಥ್ಯ ಸುಮಾರು 55 ಲಕ್ಷ ಯೂನಿಟ್ ಶಾಖ. ಫಿನ್‌ಲ್ಯಾಂಡಿನ ವಾಂಟಾ ನಗರದಲ್ಲಿ 9 ಕೋಟಿ ಯೂನಿಟ್ ಹಿಡಿಯುವ ಗುಹೆಗಳ ಯೋಜನೆಯನ್ನು ಕೈಗೆತ್ತಿಕೊಂಡಿದ್ದಾರೆ. ಇನ್ನೊಂದು ವಿಧಾನದಲ್ಲಿ ನೀರನ್ನು ಕಲ್ಲಿಗೆ ಬಿಡುವುದೇ ಇಲ್ಲ: ಒತ್ತೊತ್ತಾಗಿ ಕೊರೆದ ನೂರಾರು ರಂಧ್ರಗಳಲ್ಲಿ ಕೊಳವೆ ಇಳಿಸಿ, ಕೊಳವೆಯೊಳಗೇ ಬಿಸಿನೀರನ್ನು ಸುತ್ತಿಸಿ, ಕಲ್ಲನ್ನು ಮಾತ್ರ ಕಾಯಿಸುತ್ತಾರೆ. ಸ್ವೀಡನ್ನಿನ ಎಮ್ಮಬೋಡದ ಕಾರ್ಖಾನೆಯೊಂದರ ಅಂಗಳದಲ್ಲಿ 150 ಮೀಟರ್ ಆಳದ 140 ರಂಧ್ರಗಳಿವೆ. ಕೆನಡಾದ ಓಕೊಟೋಕ್ಸ್‌ನಲ್ಲಿ 35 ಮೀಟರ್ ಆಳದ 144 ರಂಧ್ರಗಳು 2007ರಿಂದ ಹಲವು ವರ್ಷ 52 ಮನೆಗಳಿಗೆ ಬೇಸಿಗೆಯ ಸೂರ್ಯನ ಬಿಸಿಯನ್ನು ಚಳಿಗಾಲಕ್ಕೆ ಒದಗಿಸಿದವು. ಉಡುಪಿಯ ಶಿಲೆಗೆ ತಾಂತ್ರಿಕವಾಗಿ ಒಗ್ಗುವುದು ಈ ಎರಡು ವಿಧಾನಗಳೇ. ಹೀಗಿರುವಾಗ ಕಲ್ಲಿಲ್ಲ ಎಂಬ ಮೊದಲ ಕಾರಣ ಅರ್ಧ ಸಡಿಲವಾಗುತ್ತದೆ; ಉಳಿಯುವುದು ಎರಡನೆಯದು.

ಎಲ್ಲೂರಿನ ಸ್ಥಾವರದ ಸಾಮರ್ಥ್ಯ 1,200 ಮೆಗಾವಾಟ್. ಕಲ್ಲಿದ್ದಲಿನ ಯಾವುದೇ ಸ್ಥಾವರದಲ್ಲಿ ಉರಿದ ಶಾಖದ ಸುಮಾರು ಅರ್ಧ ಪಾಲು ಟರ್ಬೈನಿನಿಂದ ಬಂದ ಹಬೆಯನ್ನು ಮತ್ತೆ ನೀರಾಗಿಸುವ ಕಂಡೆನ್ಸರಿನ ತಂಪು ನೀರಿನಲ್ಲಿ ಹೋಗುತ್ತದೆ. ಈ ಗಾತ್ರದ ಸ್ಥಾವರ ಪೂರ್ತಿ ನಡೆಯುವಾಗ ಅದು ಒಂದೂವರೆ ಸಾವಿರ ಮೆಗಾವಾಟಿನಷ್ಟಾದೀತು. ಮೇಲೆ ಲೆಕ್ಕ ಹಾಕಿದ ಜೋಡಿಬಾವಿಯ ಸಂಗ್ರಹ ನಾಲ್ಕು ತಿಂಗಳಲ್ಲಿ ತುಂಬಿಕೊಳ್ಳುವ ಶಾಖ ಈ ಸ್ಥಾವರದ ಒಂಬತ್ತು ಹತ್ತು ಗಂಟೆಗಳ ವ್ಯರ್ಥ ಶಾಖಕ್ಕೆ ಸಮ. ಪ್ರಮಾಣಕ್ಕಿಂತ ಮುಖ್ಯವಾದದ್ದು ಗುಣ. ಕಂಡೆನ್ಸರಿನಿಂದ ಹೊರಬರುವ ನೀರು 40 ಡಿಗ್ರಿಯ ಆಸುಪಾಸಿನದು. ಟರ್ಬೈನು ಆ ಶಾಖದಿಂದ ಹಿಂಡಬಹುದಾದದ್ದನ್ನೆಲ್ಲ ಹಿಂಡಿಯೇ ಬಿಟ್ಟಿರುತ್ತದೆ. ನ್ಯೂಬ್ರಾಂಡನ್‌ಬರ್ಗಿನಲ್ಲಿ ಇಡುತ್ತಿದ್ದುದು ಈ ಜಾತಿಯ ಶಾಖವಲ್ಲ. ಬಿಸಿನೀರಿನ ಜಾಲಕ್ಕೆಂದೇ ಹೆಚ್ಚಿನ ಉಷ್ಣಾಂಶದಲ್ಲಿ ತಯಾರಾಗಿ, ಬೇಸಿಗೆಯಲ್ಲಿ ಗಿರಾಕಿಯಿಲ್ಲದೆ ಮಿಕ್ಕದ್ದು. 28 ಡಿಗ್ರಿ ಸೆಕೆಯ ಊರಿನಲ್ಲಿ 40 ಡಿಗ್ರಿಯ ನೀರಿಗೆ ಸ್ನಾನದ ಹೊರತು ಬೇರೆ ಕೆಲಸ ಹುಡುಕುವುದು ಕಷ್ಟ, ಮತ್ತು ಸ್ನಾನ ಆರು ತಿಂಗಳಿಗೊಮ್ಮೆ ಬರುವ ಅಗತ್ಯವಲ್ಲ.

ಕಾಲಾಂತರದ ಸಂಗ್ರಹಕ್ಕೆ ಅರ್ಥ ಬರುವುದು ಇರುವ ಕಾಲಕ್ಕೂ ಬೇಕಾದ ಕಾಲಕ್ಕೂ ತಿಂಗಳುಗಳ ಅಂತರವಿದ್ದಾಗ. ಬರ್ಲಿನ್ನಿನಲ್ಲಿ ಜುಲೈಗೂ ಜನವರಿಗೂ ಸರಾಸರಿಯಲ್ಲೇ ಇಪ್ಪತ್ತು ಡಿಗ್ರಿಯಷ್ಟು ವ್ಯತ್ಯಾಸವಿದೆ. ಮಂಗಳೂರಿನಲ್ಲಿ ಅತಿ ಸೆಕೆಯ ತಿಂಗಳ ಸರಾಸರಿಗೂ ಅತಿ ತಂಪಿನ ತಿಂಗಳ ಸರಾಸರಿಗೂ ಮೂರು ನಾಲ್ಕು ಡಿಗ್ರಿ. ನಮ್ಮ ಬಾವಿನೀರು ವರ್ಷವಿಡೀ 27–28 ಡಿಗ್ರಿಯಲ್ಲಿರುವುದೂ ಇದರಿಂದಲೇ, ಏಕೆಂದರೆ ನೆಲದ ಕೆಲವು ಮೀಟರ್ ಕೆಳಗಿನ ಉಷ್ಣಾಂಶ ಆ ಊರಿನ ವಾರ್ಷಿಕ ಸರಾಸರಿಗೆ ಹತ್ತಿರವಿರುತ್ತದೆ. ಹಾಗಾದರೆ ಬಿಸಿಯ ಬದಲು ತಂಪನ್ನಾದರೂ ಕೂಡಿಡಬಹುದೆ? ಶಾಂಘಾಯಿಯ ಬಟ್ಟೆ ಗಿರಣಿಗಳು 1960ರ ದಶಕದಲ್ಲಿ ಚಳಿಗಾಲದ ತಣ್ಣೀರನ್ನು ಜಲಸ್ತರಕ್ಕೆ ಇಳಿಸಿ ಬೇಸಿಗೆಯಲ್ಲಿ ತಂಪಿಗಾಗಿ ಎತ್ತಿಕೊಂಡವು. ಅತಿಯಾಗಿ ನೀರೆತ್ತಿ ನಗರ ಕುಸಿಯುತ್ತಿದ್ದುದನ್ನು ತಡೆಯುವ ಉದ್ದೇಶವೂ ಅದರ ಜೊತೆಗಿತ್ತು. ಸ್ಟಾಕ್‌ಹೋಮಿನ ಆರ್ಲಾಂಡ ವಿಮಾನ ನಿಲ್ದಾಣವೂ ಇದೇ ಬಗೆಯಲ್ಲಿ ಚಳಿಯನ್ನು ಉಳಿಸಿ ಬಳಸುತ್ತದೆ. ಎರಡೂ ಕಡೆ ಚಳಿಗಾಲ ತಣ್ಣೀರನ್ನು ಪುಕ್ಕಟೆಯಾಗಿ ಕೊಡುತ್ತದೆ. ಬಜಪೆಯ ವಿಮಾನ ನಿಲ್ದಾಣಕ್ಕೆ ಅಂಥ ಚಳಿಯನ್ನು ಎಲ್ಲಿಂದ ತರುವುದು? ಡಿಸೆಂಬರಿನ ಬೆಳಗಿನ ಜಾವದಲ್ಲಿಯೂ ಇಲ್ಲಿ ಇಪ್ಪತ್ತರ ಕೆಳಗಿಳಿಯುವುದು ಅಪರೂಪ, ಏರ್ ಕಂಡಿಷನಿಂಗಿಗೆ ಬೇಕಾದದ್ದು ಏಳರಿಂದ ಹನ್ನೆರಡು ಡಿಗ್ರಿಯ ನೀರು.

ನಮ್ಮಲ್ಲಿ ಋತುವಿನ ಅಂತರ ಎಂಬುದು ನಿಜವಾಗಿ ಇರುವುದು ಒಂದೇ ಕಡೆ, ಒಣಗಿಸುವುದರಲ್ಲಿ. ಮಾರ್ಚಿಯಿಂದ ಮೇ ತನಕ ಅಂಗಳದಲ್ಲಿ ಬಿಸಿಲು ಬೇಡವೆನ್ನುವಷ್ಟು; ಜೂನಿನಿಂದ ಸೆಪ್ಟೆಂಬರ್ ತನಕ ಜಾಯಿಕಾಯಿ, ರಬ್ಬರ್ ಶೀಟು, ತಡವಾಗಿ ಬಿದ್ದ ಅಡಿಕೆ ಎಲ್ಲಕ್ಕೂ ಹೊಗೆಗೂಡು ಅಥವಾ ಡ್ರೈಯರ್ ಬೇಕು. ಬೇಸಿಗೆಯ ಬಿಸಿಲನ್ನು ಮಳೆಗಾಲಕ್ಕೆ ಉಳಿಸುವ ಯೋಚನೆ ಈ ಒಂದು ಕಾರಣಕ್ಕೆ ಆಕರ್ಷಕವಾಗಿ ಕಾಣುತ್ತದೆ, ಮತ್ತು 60 ಡಿಗ್ರಿಯ ಗಾಳಿ ಈ ಕೆಲಸಕ್ಕೆ ಧಾರಾಳ ಸಾಕು. ಆದರೆ ಈ ಅಗತ್ಯ ಬೆಳ್ತಂಗಡಿಯಿಂದ ಬೈಂದೂರಿನವರೆಗೆ ಒಂದೊಂದು ತೋಟದಲ್ಲಿ ಚೂರುಚೂರಾಗಿ ಹರಡಿಕೊಂಡಿದೆ. ಸಂಗ್ರಹ ದೊಡ್ಡದಾಗಿದ್ದರೆ ಮಾತ್ರ ಬಿಸಿ ಉಳಿಯುತ್ತದೆ, ದೊಡ್ಡ ಸಂಗ್ರಹಕ್ಕೆ ಕೊಳವೆ ತಲುಪುವ ದೂರದೊಳಗೇ ದೊಡ್ಡ ಗಿರಾಕಿ ಬೇಕು. ಹಾಗಾಗಿ ಸಹಕಾರಿ ಸಂಘವೊಂದು ಒಂದೇ ಕಡೆ ದೊಡ್ಡ ಒಣಗುಮನೆ ಕಟ್ಟಿದರೂ, ಕಟ್ಟಿಗೆ ಅಥವಾ ಗೇರುಬೀಜದ ಸಿಪ್ಪೆ ಉರಿಸುವುದೇ ಅಗ್ಗವಾಗುತ್ತದೆ. ಕಟ್ಟಿಗೆಯೂ ಒಂದು ಬಗೆಯಲ್ಲಿ ಋತುವಿನಿಂದ ಋತುವಿಗೆ ಉಳಿಸಿಟ್ಟ ಬಿಸಿಲೇ ತಾನೆ.

ಇಲ್ಲಿ ಸಲ್ಲುವುದು ದಿನದಿಂದ ದಿನಕ್ಕೆ ತುಂಬಿ ಖಾಲಿಯಾಗುವ ಸಂಗ್ರಹ, ಅದರಲ್ಲಿಯೂ ತಂಪಿನ ಸಂಗ್ರಹ. ಒಂದು ಟನ್ ಮಂಜುಗಡ್ಡೆ ಕರಗುವಾಗ ಹೀರುವ ಶಾಖ 93 ಯೂನಿಟ್. ಅಷ್ಟೇ ತೂಕದ ನೀರು ಏಳು ಡಿಗ್ರಿಯಿಂದ ಹದಿಮೂರಕ್ಕೆ ಏರುವಾಗ ಹೀರುವುದು ಏಳು ಯೂನಿಟ್ ಮಾತ್ರ. ಮಲ್ಪೆಯ ಮತ್ತು ಮಂಗಳೂರು ಧಕ್ಕೆಯ ಐಸ್ ಪ್ಲಾಂಟುಗಳು ತಲೆಮಾರುಗಳಿಂದ ಮಾಡುತ್ತಿರುವುದು ಶಾಖ ಸಂಗ್ರಹದ ಕೆಲಸವೇ, ಹಾಗೆಂದು ಯಾರೂ ಕರೆಯದಿದ್ದರೂ. ರಾತ್ರಿ ಐಸನ್ನೋ ತಣ್ಣೀರನ್ನೋ ತೊಟ್ಟಿಯಲ್ಲಿ ತಯಾರಿಸಿಟ್ಟು ಮಧ್ಯಾಹ್ನದ ಸೆಕೆಗೆ ಬಳಸುವ ಪದ್ಧತಿ ದೊಡ್ಡ ಆಸ್ಪತ್ರೆಗಳಿಗೂ ಕಾಲೇಜು ಆವರಣಗಳಿಗೂ ಹೊಂದುತ್ತದೆ. ಇದಕ್ಕೆ ಬೋರ್ ಕೊರೆಯಬೇಕಾಗಿಲ್ಲ, ಇನ್ಸುಲೇಷನ್ ಮಾಡಿದ ತೊಟ್ಟಿ ಸಾಕು.

ದೇಶದ ಬೇರೆಡೆಯ ಮಾತು ಬೇರೆ. ಜೈಸಲ್ಮೇರ್ ಕಡೆಯ ಲಾಠಿ ಮರಳುಗಲ್ಲು, ನೈವೇಲಿಯ ಸುತ್ತಲಿನ ಕಡಲೂರು ಮರಳುಗಲ್ಲು ಒಳ್ಳೆಯ ಜಲಸ್ತರಗಳು. ಆದರೆ ಎರಡೂ ಕಡೆ ಆ ನೀರು ಜನರಿಗೂ ಬೇಸಾಯಕ್ಕೂ ಬೇಕು, ಮನೆ ಕಾಯಿಸುವ ಬೇಡಿಕೆ ಇಲ್ಲ. ನನ್ನನ್ನು ಕೇಳಿದರೆ ಭಾರತದಲ್ಲಿ ಇಂಥ ಪ್ರಯೋಗಕ್ಕೆ ಮೊದಲು ನೋಡಬೇಕಾದದ್ದು ಮರಳುಗಲ್ಲನ್ನಲ್ಲ, ದೆಹಲಿ ಹರಿಯಾಣಗಳ ಮೆಕ್ಕಲು ಬಯಲನ್ನು; ಜನವರಿಯ ರಾತ್ರಿಗಳ ನಿಜವಾದ ಚಳಿಯನ್ನು ಮೇ ತಿಂಗಳ ನಿಜವಾದ ಬೇಗೆಗೆ ಉಳಿಸುವಂಥ ಹವೆ ಅಲ್ಲಿದೆ.

ಇನ್ನು ಬಾವಿಗಳ ಬಗ್ಗೆ ನಿಮ್ಮ ಕೊನೆಯ ಪ್ರಶ್ನೆ. ಉಡುಪಿಯಲ್ಲಿ ಬಿಸಿನೀರನ್ನು ಮೇಲಿನ ಪದರಕ್ಕೋ ಬಿರುಕಿನ ಶಿಲೆಗೋ ಇಳಿಸಿದರೆ ತೊಂದರೆ ಖಂಡಿತ ಆಗಬಹುದು. ನೀರು ಬಿಸಿಯಾದಂತೆ ಮಣ್ಣಿನಲ್ಲಿ ಅಂಟಿಕೊಂಡಿದ್ದ ಸಾವಯವ ವಸ್ತುವೂ ಕೆಲವು ಲೋಹಗಳೂ ಹೆಚ್ಚಾಗಿ ಕರಗುತ್ತವೆ, ಸೂಕ್ಷ್ಮಜೀವಿಗಳ ಬಳಗ ಬದಲಾಗುತ್ತದೆ, ಕರಗಿದ ಆಮ್ಲಜನಕ ಇಳಿಯುತ್ತದೆ. ನಮ್ಮ ಮುರಕಲ್ಲಿನ ಬಾವಿಗಳಲ್ಲಿ ಕಬ್ಬಿಣದ ಕಂದು ಕೆನೆ ಈಗಾಗಲೇ ಅನೇಕ ಕಡೆ ಕಾಣುತ್ತದೆ. ಆಮ್ಲಜನಕ ಕಡಿಮೆಯಾದರೆ ಅದು ಹೆಚ್ಚೀತು. ಕಡಲಿನ ಹತ್ತಿರ ಆಳದಿಂದ ಜೋರಾಗಿ ನೀರೆತ್ತಿದರೆ ಉಪ್ಪುನೀರು ಒಳನುಗ್ಗುವ ಅಪಾಯ ಬೇರೆ. ಆದುದರಿಂದ ನಿಮ್ಮ ಪಂಚಾಯತಿನಲ್ಲಿ ಎಂದಾದರೂ ಬೋರ್‌ವೆಲ್ಲಿಗೆ ಬಿಸಿನೀರು ಇಳಿಸುವ ಪ್ರಸ್ತಾವ ಬಂದರೆ, ಇಳಿಸುವ ಉಷ್ಣಾಂಶವೆಷ್ಟು, ಆ ಪದರಕ್ಕೂ ಊರಿನ ಬಾವಿಗಳಿಗೂ ನಡುವೆ ನೀರು ದಾಟದ ಮುಚ್ಚಳವಿದೆಯೆ, ಬಿಸಿನೀರಿನ ಬದಲು ಮುಚ್ಚಿದ ಕೊಳವೆಯನ್ನು ಮಾತ್ರ ಇಳಿಸಲು ಸಾಧ್ಯವಿಲ್ಲವೆ ಎಂದು ಕೇಳಿ. ಕೆಲಸಕ್ಕೆ ಕೈಹಾಕುವ ಮೊದಲು ಒಂದು ಪೂರ್ತಿ ವರ್ಷ, ಮಳೆಗಾಲವೂ ಬೇಸಿಗೆಯೂ ಸೇರಿ, ಸುತ್ತಲಿನ ಬಾವಿಗಳ ನೀರಿನ ಮಟ್ಟ, ಉಷ್ಣಾಂಶ, ಕಬ್ಬಿಣ ಮತ್ತು ಉಪ್ಪಿನ ಅಂಶವನ್ನು ಅಳೆದು ಬರೆದಿಡಲು ಹೇಳಿ. ಆ ಅಳತೆ ಇಲ್ಲದಿದ್ದರೆ ಆಮೇಲೆ ನೀರು ಕೆಟ್ಟಿತೆಂದು ನೀವು, ಮೊದಲಿನಿಂದಲೂ ಹಾಗೆಯೇ ಇತ್ತೆಂದು ಅವರು ಹೇಳುತ್ತ ಕೂರಬೇಕಾಗುತ್ತದೆ.